ಕಬ್ಬಿಣದ ರಂಟೆಯಿಂದ ಡೀಸೆಲ್ ಇಂಜಿನ್‌ವರೆಗೆ: ಮಲಪ್ರಭೆ ಸೀಮೆಯ ಲಕ್ಷ್ಮಣರಾವ್ ಕಿರ್ಲೋಸ್ಕರ್

ರೋಣ: ಹೊಳೆಆಲೂರಿನ ಬಳಿಯ ಮಲಪ್ರಭೆಯ ದಂಡೆ, ನರಗುಂದ ತಾಲ್ಲೂಕಿನ ಕೊಣ್ಣೂರು, ಬೆಣ್ಣೆಹಳ್ಳದ ಇಕ್ಕೆಲದ ಎರೆ ಹೊಲಗಳು, ಗಜೇಂದ್ರಗಡದ ಗುಡ್ಡದ ಕೆಳಗಿನ ತೋಟಗಳು. ವಿದ್ಯುತ್ ಪಂಪುಗಳು ಬರುವ ಮುನ್ನ ಈ ಸೀಮೆಯ ಬೇಸಿಗೆಯ ಬೆಳಗು ಡೀಸೆಲ್ ಇಂಜಿನ್ನಿನ ಟುಕ್ ಟುಕ್ ಸದ್ದಿನೊಡನೆ ಆರಂಭವಾಗುತ್ತಿತ್ತು. ಹಳ್ಳದ ನೀರನ್ನು ಹೊಲಕ್ಕೆ ಎತ್ತಲು, ಊರ ಗಿರಣಿಯಲ್ಲಿ ಜೋಳ ಬೀಸಲು, ಕಣಿಕೆ ಕತ್ತರಿಸಲು ಅದೇ ಇಂಜಿನ್ ದುಡಿಯುತ್ತಿತ್ತು. ಸುಗ್ಗಿ ಮುಗಿದ ಮೇಲೆ ಅದನ್ನು ಮನೆಯಂಗಳಕ್ಕೆ ತಂದು, ಗೋಣಿತಟ್ಟಿನ ಮೇಲೆ ಒಂದೊಂದೇ ಬಿಡಿಭಾಗವನ್ನು ಬಿಚ್ಚಿಟ್ಟು, ಸೀಮೆಎಣ್ಣೆಯಲ್ಲಿ ತೊಳೆದು ಮತ್ತೆ ಜೋಡಿಸುವುದು ರೈತ ಕುಟುಂಬಗಳ ವಾಡಿಕೆಯಾಗಿತ್ತು.

ಆ ಇಂಜಿನ್ನುಗಳ ಪೈಕಿ ಹಲವುಗಳ ಮೈಮೇಲೆ ಎರಕದಲ್ಲಿ ಮೂಡಿದ್ದ ಹೆಸರು ಕಿರ್ಲೋಸ್ಕರ್. ಕಾರ್ಖಾನೆಯ ಹೆಸರೆಂದೇ ಜನ ತಿಳಿದಿದ್ದ ಈ ಪದ ವಾಸ್ತವವಾಗಿ ಇದೇ ಮಲಪ್ರಭೆಯ ಸೀಮೆಯಲ್ಲಿ, ಸವದತ್ತಿ ಸಮೀಪದ ಗುರ್ಲಹೊಸೂರಿನಲ್ಲಿ ನೆಲೆಸಿದ್ದ ಒಂದು ಮನೆತನದ ಹೆಸರು. ಯಾವುದೇ ಎಂಜಿನಿಯರಿಂಗ್ ಪದವಿಯಿಲ್ಲದೆ, ಯಂತ್ರಗಳನ್ನು ಬಿಚ್ಚಿ ನೋಡಿಯೇ ವಿದ್ಯೆ ಸಂಪಾದಿಸಿದ ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರ್ ಅವರ ಬದುಕು, ಯಂತ್ರದ ಮುಚ್ಚಳ ತೆರೆಯುವ ಅಧಿಕಾರ ಯಾರದೆಂಬ ಪ್ರಶ್ನೆ ಎದ್ದಿರುವ ಈ ದಿನಗಳಲ್ಲಿ ಮತ್ತೊಮ್ಮೆ ನೆನೆಯಲು ಯೋಗ್ಯವಾಗಿದೆ.

ಚಿತ್ರಕಲೆಯಿಂದ ಯಂತ್ರದೆಡೆಗೆ

ಲಕ್ಷ್ಮಣರಾಯರು ಜನಿಸಿದ್ದು 1869ರ ಜೂನ್ 20ರಂದು. ತಂದೆ ಕಾಶೀನಾಥಪಂತರು ವೇದಾಂತದಲ್ಲಿ ಪಾಂಡಿತ್ಯ ಪಡೆದವರು. ಮನೆಮಾತು ಮರಾಠಿ, ಸುತ್ತಲ ನಾಡು ಕನ್ನಡ. ಮರಾಠಿ ಸಂಗೀತ ನಾಟಕದ ಪ್ರವರ್ತಕರೆಂದು ಹೆಸರಾದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಇದೇ ಗುರ್ಲಹೊಸೂರಿನವರು. ಶಾಸ್ತ್ರ ಮತ್ತು ಸಾಹಿತ್ಯಗಳ ವಾತಾವರಣದ ಮನೆತನದಲ್ಲಿ ಹುಟ್ಟಿದ ಹುಡುಗನಿಗೆ ಶಾಲೆಯ ಪಾಠಗಳಿಗಿಂತ ಚಿತ್ರ ಬರೆಯುವುದರಲ್ಲಿ ಮತ್ತು ಯಂತ್ರಗಳಲ್ಲಿ ಹೆಚ್ಚು ಆಸಕ್ತಿಯಿತ್ತು.

ಮನೆಯವರ ಮನವೊಲಿಸಿ 1885ರಲ್ಲಿ ಅವರು ಮುಂಬಯಿಯ ಜೆ.ಜೆ. ಕಲಾಶಾಲೆಯನ್ನು ಸೇರಿದರು. ಎರಡು ವರ್ಷ ಕಳೆಯುವಷ್ಟರಲ್ಲಿ ಒಂದು ಆಘಾತ ಕಾದಿತ್ತು. ಅವರ ಕಣ್ಣುಗಳಿಗೆ ಕೆಲವು ಬಣ್ಣಗಳ ಭೇದ ತಿಳಿಯದೆಂಬುದು ಬೆಳಕಿಗೆ ಬಂದಿತು. ವರ್ಣಚಿತ್ರಕಾರನಾಗುವ ಕನಸು ಅಲ್ಲಿಗೆ ಮುಗಿಯಿತು. ಆದರೆ ಯಂತ್ರಗಳ ನಕ್ಷೆ ಬರೆಯಲು ಬಣ್ಣ ಬೇಕಿರಲಿಲ್ಲ; ಗೆರೆ ಮತ್ತು ಅಳತೆ ಸಾಕಿತ್ತು. ಲಕ್ಷ್ಮಣರಾಯರು ಆ ವಿಭಾಗಕ್ಕೆ ಹೊರಳಿ ಅದರಲ್ಲಿ ಪ್ರಾವೀಣ್ಯ ಗಳಿಸಿದರು. ಬಳಿಕ ಮುಂಬಯಿಯ ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಯಂತ್ರನಕ್ಷೆಯ ಸಹಾಯಕ ಶಿಕ್ಷಕರಾಗಿ ನೇಮಕಗೊಂಡರು.

ಶಿಕ್ಷಕ ವೃತ್ತಿಯಲ್ಲಿದ್ದಾಗ ಅವರು ಕಲಿಸಿದ್ದಕ್ಕಿಂತ ಕಲಿತದ್ದೇ ಹೆಚ್ಚು ಎನ್ನಬಹುದು. ಸಂಸ್ಥೆಯ ಕಾರ್ಯಾಗಾರದಲ್ಲಿದ್ದ ಯಂತ್ರಗಳ ನಡುವೆ ಓಡಾಡುತ್ತ, ಅವುಗಳ ಬಿಡಿಭಾಗಗಳ ಕೆಲಸವನ್ನು ಅರಿಯುತ್ತ, ಕೈಯಾರೆ ಅವುಗಳನ್ನು ನಡೆಸುವುದನ್ನು ರೂಢಿಸಿಕೊಂಡರು. ನಕ್ಷೆಯಲ್ಲಿ ಗೆರೆಯಾಗಿದ್ದುದು ಕಬ್ಬಿಣದಲ್ಲಿ ಹೇಗೆ ಚಲಿಸುತ್ತದೆ, ಎಲ್ಲಿ ಸವೆಯುತ್ತದೆ, ಎಲ್ಲಿ ಬಿಸಿಯಾಗುತ್ತದೆ ಎಂಬ ತಿಳಿವಳಿಕೆ ಅವರಿಗೆ ದೊರೆತದ್ದು ಅಲ್ಲಿಯೇ.

ಬೆಳಗಾವಿಯ ಸೈಕಲ್ ಅಂಗಡಿ

ಇತ್ತ 1888ರಲ್ಲಿ ಬೆಳಗಾವಿಯಲ್ಲಿ ಅಣ್ಣ ರಾಮುಅಣ್ಣನವರ ಜತೆಗೂಡಿ ಒಂದು ಪುಟ್ಟ ಸೈಕಲ್ ಅಂಗಡಿ ಆರಂಭವಾಗಿತ್ತು. ಸೈಕಲ್ ಎಂಬುದೇ ಅಚ್ಚರಿಯ ವಸ್ತುವಾಗಿದ್ದ ಕಾಲವದು. ಲಕ್ಷ್ಮಣರಾಯರು ಮುಂಬಯಿಯಲ್ಲಿ ಸೈಕಲ್ ಖರೀದಿಸಿ ಕಳುಹಿಸುವುದು, ರಾಮುಅಣ್ಣನವರು ಬೆಳಗಾವಿಯಲ್ಲಿ ಅವುಗಳನ್ನು ಮಾರುವುದು, ಕೊಂಡವರಿಗೆ ಸವಾರಿ ಕಲಿಸುವುದು, ಕೆಟ್ಟರೆ ದುರಸ್ತಿ ಮಾಡಿಕೊಡುವುದು ಹೀಗೆ ವ್ಯಾಪಾರ ಸಾಗಿತು. ಕಿರ್ಲೋಸ್ಕರ್ ಬ್ರದರ್ಸ್ ಎಂಬ ಹೆಸರು ಹುಟ್ಟಿದ್ದು ಈ ಅಂಗಡಿಯಿಂದಲೇ. ಬೆಳಗಾವಿಯ ಕಿರ್ಲೋಸ್ಕರ್ ರಸ್ತೆ ಇಂದಿಗೂ ಆ ದಿನಗಳ ನೆನಪನ್ನು ಉಳಿಸಿಕೊಂಡಿದೆ.

ಮುಂಬಯಿಯ ನೌಕರಿಯಲ್ಲಿ ಲಕ್ಷ್ಮಣರಾಯರಿಗೆ ನ್ಯಾಯವಾಗಿ ಬರಬೇಕಿದ್ದ ಬಡ್ತಿ ತಪ್ಪಿತು. ಆ ಸ್ಥಾನ ಆಂಗ್ಲೋ ಇಂಡಿಯನ್ ಒಬ್ಬರ ಪಾಲಾಯಿತು. ಯೋಗ್ಯತೆಗಿಂತ ಬಣ್ಣವೇ ಮೇಲಾದ ಸಂಸ್ಥೆಯಲ್ಲಿ ಮುಂದುವರಿಯಲು ಮನಸ್ಸಿಲ್ಲದೆ ಅವರು ರಾಜೀನಾಮೆ ಸಲ್ಲಿಸಿ ಬೆಳಗಾವಿಗೆ ಮರಳಿದರು. ತಿಂಗಳ ಸಂಬಳದ ಭದ್ರತೆ ತೊರೆದು ಸೈಕಲ್ ದುರಸ್ತಿಯ ಅಂಗಡಿಗೆ ಬಂದು ಕುಳಿತ ಈ ನಿರ್ಧಾರ ಅಂದಿನವರಿಗೆ ವಿವೇಕದ್ದಾಗಿ ಕಂಡಿರಲಾರದು. ಆದರೆ ಅವರ ನಿಜವಾದ ಕಾರ್ಯಕ್ಷೇತ್ರ ತೆರೆದದ್ದು ಈ ಹೆಜ್ಜೆಯಿಂದ.

ಸುತ್ತಲಿನ ರೈತಾಪಿ ಬದುಕನ್ನು ಬಲ್ಲ ಅವರ ಕಣ್ಣು ಮೊದಲು ಬಿದ್ದದ್ದು ದನಗಳ ಮೇವಿನ ಮೇಲೆ. ಜೋಳದ ಕಣಿಕೆಯನ್ನು ಇಡಿಯಾಗಿ ಹಾಕಿದರೆ ದನಗಳು ಎಲೆ ತಿಂದು ದಂಟು ಬಿಡುತ್ತವೆ. ಕತ್ತರಿಸಿ ಹಾಕಿದರೆ ಮೇವು ಪೋಲಾಗದು. ಕಣಿಕೆ ಕತ್ತರಿಸುವ ಕೈಯಂತ್ರ ಹೀಗೆ ಕಿರ್ಲೋಸ್ಕರ್ ಸಹೋದರರ ಆರಂಭದ ಉತ್ಪನ್ನಗಳಲ್ಲಿ ಒಂದಾಯಿತು. ಅದರ ಬೆನ್ನಿಗೇ ಬಂದದ್ದು ಕಬ್ಬಿಣದ ರಂಟೆ.

ರಂಟೆಯ ಭಯ

ಎರೆ ನೆಲದ ಸ್ವಭಾವ ಬಲ್ಲವರಿಗೆ ರಂಟೆಯ ಮಹತ್ವ ವಿವರಿಸಬೇಕಿಲ್ಲ. ರೋಣ, ನರಗುಂದ, ನವಲಗುಂದಗಳ ಕಪ್ಪು ಮಣ್ಣು ಮಳೆಯಲ್ಲಿ ಅಂಟು, ಬೇಸಿಗೆಯಲ್ಲಿ ಕಲ್ಲು. ಅದರೊಳಗೆ ಕರಿಕೆ ಮತ್ತು ಜೇಕಿನ ಬೇರುಗಳು ಆಳಕ್ಕೆ ಇಳಿದು ಹತ್ತಿ, ಜೋಳಗಳ ಸಾರವನ್ನು ಹೀರಿಬಿಡುತ್ತವೆ. ಕಟ್ಟಿಗೆಯ ರಂಟೆ ಮೇಲ್ಪದರವನ್ನು ಕೆದಕೀತೇ ಹೊರತು ಮಣ್ಣನ್ನು ಆಳದಿಂದ ಮಗುಚಲಾರದು. ಹಲವು ಜೋಡಿ ಎತ್ತು ಹೂಡಿ ಎಳೆಯುವ ಕಬ್ಬಿಣದ ರಂಟೆ ಮಾತ್ರ ಆ ಬೇರನ್ನು ಮೇಲೆತ್ತಿ ಬಿಸಿಲಿಗೆ ಒಡ್ಡಬಲ್ಲದು.

ಆದರೂ 1903ರ ಸುಮಾರಿಗೆ ಲಕ್ಷ್ಮಣರಾಯರು ಕಬ್ಬಿಣದ ರಂಟೆ ತಯಾರಿಸಿದಾಗ ಕೊಳ್ಳುವವರೇ ಇರಲಿಲ್ಲ. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ, ಬೆಳೆ ಕೈಗೆ ಬಾರದು ಎಂಬ ನಂಬಿಕೆ ರೈತರಲ್ಲಿ ಬೇರೂರಿತ್ತು. ಮೊದಲ ರಂಟೆ ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಈ ಅವಧಿಯನ್ನು ಸಾಲ ಮತ್ತು ಸಹನೆಗಳ ಬಲದಿಂದಲೇ ದಾಟಬೇಕಾಯಿತು.

ರೈತರ ಹಿಂಜರಿಕೆಯನ್ನು ಬರಿಯ ಮೌಢ್ಯವೆಂದು ತಳ್ಳಿಹಾಕುವುದು ಸರಿಯಾಗದು. ಕಟ್ಟಿಗೆಯ ರಂಟೆ ಮುರಿದರೆ ಊರಿನ ಬಡಿಗೇರ ಅದೇ ಸಂಜೆ ಸರಿಪಡಿಸಿ ಕೊಡುತ್ತಿದ್ದ. ಪರದೇಶದಿಂದ ಬಂದ ಕಬ್ಬಿಣದ ರಂಟೆ ಮುರಿದರೆ ಬಿತ್ತನೆಯ ಹದವೇ ತಪ್ಪಿಹೋಗುವ ಅಪಾಯವಿತ್ತು. ಹತ್ತಿರದಲ್ಲಿಯೇ ತಯಾರಾದ, ನಟ್ಟು ಬೋಲ್ಟು ಬಿಚ್ಚಿ ಸವೆದ ಕುಳವನ್ನು ರೈತನೇ ಬದಲಿಸಿಕೊಳ್ಳಬಹುದಾದ ರಂಟೆ ಈ ಭಯಕ್ಕೆ ಉತ್ತರವಾಯಿತು. ಬಿಡಿಭಾಗ ಸಿಗುತ್ತದೆ, ಒಂದು ಪಾನಾ ಇದ್ದರೆ ಹೊಲದಲ್ಲಿಯೇ ಕೆಲಸ ಮುಗಿಯುತ್ತದೆ ಎಂಬುದು ಖಚಿತವಾದ ಮೇಲೆ ಕಬ್ಬಿಣದ ವಿಷದ ಮಾತು ತಾನಾಗಿಯೇ ಹಿಂದೆ ಸರಿಯಿತು.

ಕುಂಡಲ್ ರೋಡಿನ ಕಳ್ಳಿಗಾಡು

ಉದ್ಯಮ ಬೇರು ಬಿಡುತ್ತಿದ್ದಾಗಲೇ ಇನ್ನೊಂದು ಪೆಟ್ಟು ಬಿದ್ದಿತು. ಊರ ವಿಸ್ತರಣೆಗೆ ಜಾಗ ಬೇಕೆಂದು ಬೆಳಗಾವಿಯ ನಗರಾಡಳಿತವು ಕಾರ್ಖಾನೆಯನ್ನು ತೆರವುಗೊಳಿಸುವಂತೆ ಸೂಚಿಸಿತು. ಕಟ್ಟಿದ ಕುಲುಮೆ, ಊರಿದ ಯಂತ್ರ, ನಂಬಿದ ಕೆಲಸಗಾರರು ಎಲ್ಲವನ್ನೂ ಎಲ್ಲಿಗೆ ಒಯ್ಯುವುದೆಂಬ ಚಿಂತೆ ಎದುರಾಯಿತು. ಆಗ ನೆರವಿಗೆ ಬಂದವರು ಔಂಧ್ ಸಂಸ್ಥಾನದ ಅಧಿಪತಿ ಬಾಳಾಸಾಹೇಬ ಪಂತ ಪ್ರತಿನಿಧಿ. ಔಂಧದಲ್ಲಿ ಕಟ್ಟಡ ಕಾಮಗಾರಿಯೊಂದನ್ನು ವಹಿಸಿದ್ದ ಅವರಿಗೆ ಲಕ್ಷ್ಮಣರಾಯರ ಸಾಮರ್ಥ್ಯದ ಪರಿಚಯವಿತ್ತು. ಕುಂಡಲ್ ರೋಡ್ ಎಂಬ ಒಂಟಿ ರೈಲು ನಿಲ್ದಾಣದ ಬಳಿ 32 ಎಕರೆ ಭೂಮಿಯನ್ನೂ 10,000 ರೂಪಾಯಿ ಸಾಲವನ್ನೂ ಅವರು ಒದಗಿಸಿದರು.

ದೊರೆತದ್ದು ನೀರಿಲ್ಲದ ಬರಡು. ಎತ್ತ ನೋಡಿದರೂ ಪಾಪಾಸುಕಳ್ಳಿ, ಅದರ ನಡುವೆ ನಾಗರಹಾವುಗಳು. 1910ರಲ್ಲಿ ಸುಮಾರು 25 ಮಂದಿ ಕೆಲಸಗಾರರು ಮತ್ತು ಅವರ ಕುಟುಂಬಗಳೊಡನೆ ಲಕ್ಷ್ಮಣರಾಯರು ಅಲ್ಲಿಗೆ ತೆರಳಿದರು. ಕಳ್ಳಿ ಕಡಿದು, ಛಾವಣಿ ಏರಿಸಿ, ಯಂತ್ರ ಹೂಡಿ, ಕಾರ್ಖಾನೆಯೊಡನೆ ಒಂದು ಊರನ್ನೇ ಕಟ್ಟಿದರು. ಅದೇ ಇಂದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿರುವ ಕಿರ್ಲೋಸ್ಕರವಾಡಿ.

ಊರಿನ ಆಡಳಿತವನ್ನು ರಾಮುಅಣ್ಣನವರು ನೋಡಿಕೊಂಡರು. ಲೆಕ್ಕಪತ್ರ ಮಂಗೇಶರಾವ್ ರೇಗೆ ಅವರದು. ಶಾಲೆಯನ್ನು ಅರ್ಧಕ್ಕೆ ಬಿಟ್ಟಿದ್ದ ಅನಂತರಾವ್ ಫಳಣೀಕರ್ ಹೊಸ ಹೊಸ ಸುಧಾರಣೆಗಳ ಶಿಲ್ಪಿಯಾದರು. ಸೆರೆವಾಸ ಅನುಭವಿಸಿ ಬಂದವರಿಗೆ ಕಾವಲಿನ ಹೊಣೆ ವಹಿಸಲಾಯಿತು. ಅವರು ನಂಬಿಕೆ ಉಳಿಸಿಕೊಂಡರು. ಕಿರ್ಲೋಸ್ಕರವಾಡಿಯಲ್ಲಿ ಅಸ್ಪೃಶ್ಯತೆಗೆ ಅವಕಾಶವಿಲ್ಲವೆಂದು ಲಕ್ಷ್ಮಣರಾಯರು ನಿಶ್ಚಯಿಸಿದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ.

ಇಂಜಿನ್ ನಿಂತರೆ ಕಾರ್ಖಾನೆ ನಿಂತಿತು

ಈ ತಂಡದಲ್ಲಿ ವಿಶೇಷವಾಗಿ ನೆನೆಯಬೇಕಾದವರು ಶಂಭೋರಾವ್ ಜಾಂಭೇಕರ್. ಕಾರ್ಖಾನೆಯ ಇಂಜಿನ್ ಮತ್ತು ಯಂತ್ರಗಳನ್ನು ಹೂಡಿ, ಸುಸ್ಥಿತಿಯಲ್ಲಿಡುವ ಹೊಣೆ ಅವರದಾಗಿತ್ತು. ಅಂದಿನ ಕಾರ್ಖಾನೆಗಳಲ್ಲಿ ಯಂತ್ರಕ್ಕೊಂದು ಮೋಟಾರ್ ಇರುತ್ತಿರಲಿಲ್ಲ. ಛಾವಣಿಯಡಿ ಉದ್ದಕ್ಕೂ ಹಾಯ್ದ ಒಂದು ಉಕ್ಕಿನ ದಂಡವನ್ನು ಇಂಜಿನ್ ತಿರುಗಿಸುತ್ತಿತ್ತು. ಆ ದಂಡದಿಂದ ಇಳಿಬಿದ್ದ ಪಟ್ಟಿಗಳು ಲೇಥು, ಬೈರಿಗೆ ಯಂತ್ರಗಳನ್ನು ನಡೆಸುತ್ತಿದ್ದವು. ಇಂಜಿನ್ ಒಂದು ಕೆಮ್ಮಿದರೆ ಇಡೀ ಕಾರ್ಖಾನೆ ನಿಲ್ಲುತ್ತಿತ್ತು. ದೂರದ ಊರಿನಿಂದ ತಜ್ಞರನ್ನು ಕರೆತರುವಷ್ಟು ಹಣವಾಗಲೀ ಸಮಯವಾಗಲೀ ಇರಲಿಲ್ಲ. ಸದ್ದು ಕೇಳಿಯೇ ದೋಷ ಗುರುತಿಸುವ, ಇದ್ದ ಸಾಮಗ್ರಿಯಲ್ಲಿಯೇ ಸರಿಪಡಿಸುವ ವಿದ್ಯೆ ಕಿರ್ಲೋಸ್ಕರವಾಡಿಯಲ್ಲಿ ಬೆಳೆದದ್ದು ಈ ಅನಿವಾರ್ಯತೆಯಿಂದ.

ಮೊದಲ ಮಹಾಯುದ್ಧ ಈ ವಿದ್ಯೆಯನ್ನು ಒರೆಗೆ ಹಚ್ಚಿತು. ಪರದೇಶದ ನೇಗಿಲುಗಳ ಆಮದು ಕುಗ್ಗಿ ಕಿರ್ಲೋಸ್ಕರ್ ನೇಗಿಲಿಗೆ ಬೇಡಿಕೆ ಏರಿತು. ಆದರೆ ಕಬ್ಬಿಣವೇ ದುರ್ಲಭವಾಯಿತು. ಕೊಲ್ಹಾಪುರದ ಶಾಹು ಮಹಾರಾಜರಿಂದ ಹಳೆಯ ಫಿರಂಗಿಗಳನ್ನು ಪಡೆದು, ಕರಗಿಸಿ, ನೇಗಿಲು ಎರಕ ಹೊಯ್ಯಲಾಯಿತು. ಕೋಟೆ ಕಾಯುತ್ತಿದ್ದ ಲೋಹ ಹೊಲ ಊಳಲು ಹೊರಟಿತು.

1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಕಂಪನಿಯಾಗಿ ನೋಂದಣಿಯಾಯಿತು. ಹಿರಿಯ ಮಗ ಶಂತನುರಾವ್ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದು 1926ರಲ್ಲಿ ಮರಳಿದರು. ತಂದೆಯದು ಕೈಯಿಂದ ಬಂದ ವಿದ್ಯೆ, ಮಗನದು ಗಣಿತದಿಂದ ಬಂದ ವಿದ್ಯೆ. ಎರಡೂ ಒಂದೇ ಕಾರ್ಖಾನೆಯಲ್ಲಿ ಸಂಧಿಸಿದವು.

ಪಂಪಿನ ಹಿಂದೆ ಬಂದ ಇಂಜಿನ್

ನೆಲ ಉತ್ತ ಮೇಲೆ ರೈತನಿಗೆ ಬೇಕಾದದ್ದು ನೀರು. 1926ರಲ್ಲಿ ಕಿರ್ಲೋಸ್ಕರವಾಡಿಯಲ್ಲಿ ಸೆಂಟ್ರಿಫ್ಯೂಗಲ್ ಪಂಪು ತಯಾರಾಯಿತು. ಎತ್ತುಗಳು ಹಿಂದಕ್ಕೂ ಮುಂದಕ್ಕೂ ನಡೆದು ಕಪಿಲೆಯಿಂದ ನೀರು ಎತ್ತುತ್ತಿದ್ದ ಕಾಲಕ್ಕೆ ಇದು ದೊಡ್ಡ ಬದಲಾವಣೆ. ಆದರೆ ಈ ಪಂಪನ್ನು ನಿಮಿಷಕ್ಕೆ ನೂರಾರು ಸುತ್ತು ತಿರುಗಿಸುವ ಶಕ್ತಿ ಎತ್ತಿನ ನಡಿಗೆಯಲ್ಲಿರಲಿಲ್ಲ. ಹಳ್ಳಿಗಳಿಗೆ ವಿದ್ಯುತ್ ಬಂದಿರಲಿಲ್ಲ. ಪಂಪು ರೈತನ ಕೈಗೆ ಉಪಯೋಗಕ್ಕೆ ಬರಬೇಕಾದರೆ ಅದರ ಪಕ್ಕದಲ್ಲಿ ಒಂದು ಇಂಜಿನ್ ಇರಲೇಬೇಕಿತ್ತು.

ಕಿರ್ಲೋಸ್ಕರ್ ಬಳಗ ಕವಲೊಡೆದು ಬೆಳೆದದ್ದು ಈ ಬಗೆಯ ಅಗತ್ಯಗಳನ್ನು ಬೆನ್ನಟ್ಟಿ. 1941ರಲ್ಲಿ ಹರಿಹರದಲ್ಲಿ ಲೇಥು ಮುಂತಾದ ಯಂತ್ರೋಪಕರಣ ತಯಾರಿಸುವ ಮೈಸೂರು ಕಿರ್ಲೋಸ್ಕರ್ ಸ್ಥಾಪನೆಯಾಯಿತು. 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್, ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಇಂಜಿನ್ಸ್ ಸಂಸ್ಥೆಗಳು ಜನ್ಮ ತಳೆದವು. ಬ್ರಿಟನ್ನಿನ ಸಂಸ್ಥೆಯ ಸಹಯೋಗದಲ್ಲಿ ಆರಂಭವಾದ ಪುಣೆಯ ಇಂಜಿನ್ ತಯಾರಿಕೆಯೇ ಮುಂದೆ ನಾಡಿನ ಹಳ್ಳಿಹಳ್ಳಿಗೂ ಆ ಹೆಸರನ್ನು ಮುಟ್ಟಿಸಿತು. ಈ ಬೆಳವಣಿಗೆಯ ನಡುವೆ ವಿಪತ್ತೂ ಬಂದಿತು. 1948ರಲ್ಲಿ ಮಹಾತ್ಮ ಗಾಂಧಿಯವರ ಹತ್ಯೆಯ ನಂತರದ ಗಲಭೆಯಲ್ಲಿ ಕಿರ್ಲೋಸ್ಕರವಾಡಿಗೆ ಬೆಂಕಿ ಬಿದ್ದಿತು. ಇಳಿವಯಸ್ಸಿನ ಲಕ್ಷ್ಮಣರಾಯರು ಸುಟ್ಟ ಕಾರ್ಖಾನೆ ಮತ್ತೆ ಎದ್ದು ನಿಲ್ಲುವುದನ್ನೂ ಕಂಡರು.

ಅಂಗಳದಲ್ಲಿ ಬಿಚ್ಚಿದ ಇಂಜಿನ್

ಬಳಗದ ಇಂಜಿನ್ನುಗಳಲ್ಲಿ ರೈತರ ನಡುವೆ ಹೆಚ್ಚು ಪರಿಚಿತವಾದುದು ಎ.ವಿ. 1 ಮಾದರಿ. ಒಂದೇ ಸಿಲಿಂಡರು, ನೀರಿನಿಂದ ತಂಪಾಗುವ ವ್ಯವಸ್ಥೆ, 5 ಅಶ್ವಶಕ್ತಿ, ನಿಮಿಷಕ್ಕೆ 1,500 ಸುತ್ತು. ಸಿಲಿಂಡರಿನ ಒಳ ವ್ಯಾಸ 80 ಮಿ.ಮೀ., ಪಿಸ್ಟನ್ ಚಲಿಸುವ ದೂರ 110 ಮಿ.ಮೀ. ಒಟ್ಟು ಗಾತ್ರ 553 ಘನ ಸೆಂ.ಮೀ. 1960ರ ದಶಕದ ದೊಡ್ಡ ಅಮೆರಿಕನ್ ಕಾರುಗಳ ಎಂಟು ಸಿಲಿಂಡರಿನ, 7 ಲೀಟರ್ ಗಾತ್ರದ ಇಂಜಿನ್ನಿನ ಮುಂದೆ ಇದು ಕೂಸು. ಆದರೆ ಅಂಥ ಕಾರನ್ನು ತನ್ನ ಮನೆಯ ಶೆಡ್ಡಿನಲ್ಲಿ ತಾನೇ ಹದಗೊಳಿಸುವ ಅಮೆರಿಕದ ಹವ್ಯಾಸಿಯೂ ರೋಣದ ರೈತನೂ ಮೂಲತಃ ಕೇಳುವ ಪ್ರಶ್ನೆಗಳು ಒಂದೇ: ಗಾಳಿ ಸರಿಯಾಗಿ ಒಳಬರುತ್ತಿದೆಯೇ, ಇಂಧನ ಸರಿಯಾದ ಗಳಿಗೆಗೆ ಸೇರುತ್ತಿದೆಯೇ, ಒತ್ತಡ ಎಲ್ಲಿಯಾದರೂ ಸೋರುತ್ತಿದೆಯೇ.

ಕಾರಿನ ಪೆಟ್ರೋಲ್ ಇಂಜಿನ್ನಿನಲ್ಲಿ ಕಾರ್ಬ್ಯುರೇಟರು ಮತ್ತು ಸ್ಪಾರ್ಕ್ ಪ್ಲಗ್ ನೋಡಬೇಕು. ಡೀಸೆಲ್ ಇಂಜಿನ್ನಿನಲ್ಲಿ ಇವೆರಡೂ ಇಲ್ಲ. ಒಳಬಂದ ಗಾಳಿಯನ್ನು ಪಿಸ್ಟನ್ ಹದಿನಾರು ಪಟ್ಟಿಗೂ ಹೆಚ್ಚು ಅದುಮಿದಾಗ ಹುಟ್ಟುವ ಬಿಸಿಗೆ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಹೀಗಾಗಿ ಅದುಮುವ ಶಕ್ತಿಯೇ ಡೀಸೆಲ್ ಇಂಜಿನ್ನಿನ ಜೀವ. ಕವಾಟ ಸರಿಯಾಗಿ ಕೂರದಿದ್ದರೆ, ರಿಂಗ್ ಸವೆದಿದ್ದರೆ, ಹೆಡ್ಡಿನ ಗ್ಯಾಸ್ಕೆಟ್ ಸುಟ್ಟಿದ್ದರೆ ಎಷ್ಟು ಹ್ಯಾಂಡಲ್ ಹೊಡೆದರೂ ಇಂಜಿನ್ ಏಳದು. ಡೀಕಂಪ್ರೆಷನ್ ಲಿವರ್ ಬಿಟ್ಟು ಕೈಯಿಂದ ನಿಧಾನವಾಗಿ ತಿರುಗಿಸಿದಾಗ ಒಂದು ಹಂತದಲ್ಲಿ ಗಟ್ಟಿಯಾಗಿ ತಡೆಯಬೇಕು. ಸಲೀಸಾಗಿ ತಿರುಗಿಹೋದರೆ ಒತ್ತಡ ಸೋರುತ್ತಿದೆ ಎಂದರ್ಥ. ಪಳಗಿದ ಕೈಗೆ ಬೇರೆ ಉಪಕರಣ ಬೇಕಿರಲಿಲ್ಲ.

ಮನೆಯಲ್ಲಿ ನಡೆಯುತ್ತಿದ್ದ ವಾರ್ಷಿಕ ದುರಸ್ತಿಗೆ ಒಂದು ಕ್ರಮವಿತ್ತು. ಹೆಡ್ ಬಿಚ್ಚಿ ಅಂಟಿದ ಮಸಿಯನ್ನು ಕೆರೆದು ತೆಗೆಯುವುದು ಮೊದಲ ಕೆಲಸ. ಕವಾಟಕ್ಕೆ ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಅದರ ಕೂರುಜಾಗದಲ್ಲಿ ಅತ್ತಿತ್ತ ತಿರುಗಿಸಿ ಉಜ್ಜುವುದು ಎರಡನೆಯದು. ಆಮೇಲೆ ಮೇಲಿನಿಂದ ಸೀಮೆಎಣ್ಣೆ ಸುರಿದು, ಕೆಳಗೆ ಹನಿ ಜಿನುಗದಿದ್ದರೆ ಕವಾಟ ಕೂತಿತೆಂದು ತಿಳಿಯುವುದು. ಹೊಸ ಪ್ಯಾಕಿಂಗ್ ಹಾಕಿದ ಬಳಿಕ ಪಿಸ್ಟನ್ ಮತ್ತು ಹೆಡ್ಡಿನ ನಡುವೆ ಸೀಸದ ತಂತಿಯ ತುಂಡಿಟ್ಟು ಒಂದು ಸುತ್ತು ತಿರುಗಿಸಿ, ಚಪ್ಪಟೆಯಾದ ತಂತಿಯ ದಪ್ಪ ಅಳೆದು ಅಂತರ ಹೊಂದಿಸುವುದು. ಕೊನೆಗೆ ಇಂಜಿನ್ ತಣ್ಣಗಿರುವಾಗ ಕೈಪಿಡಿಯಲ್ಲಿ ಹೇಳಿದ ಅಳತೆಗೆ ಫೀಲರ್ ಗೇಜಿನಿಂದ ಟ್ಯಾಪೆಟ್ ಸರಿಪಡಿಸುವುದು.

ನಾಜಲ್ ಮಾತ್ರ ಮೈಯೆಲ್ಲ ಕಣ್ಣಾಗಿ ಮುಟ್ಟಬೇಕಾದ ಭಾಗ. ಸುಮಾರು 200 ಪಟ್ಟು ವಾತಾವರಣದ ಒತ್ತಡದಲ್ಲಿ ಅದು ಡೀಸೆಲನ್ನು ಮಂಜಿನಂತೆ ಸಿಂಪಡಿಸುತ್ತದೆ. ಮಂಜಿನ ಬದಲು ಹನಿ ತೊಟ್ಟಿಕ್ಕಿದರೆ ಇಂಜಿನ್ ಬಡಿಯುತ್ತದೆ, ಹೊಗೆಯುಗುಳುತ್ತದೆ. ಆ ಸಿಂಪಡಣೆಗೆ ಕೈಯೊಡ್ಡಿದರೆ ಡೀಸೆಲ್ ಚರ್ಮ ಸೀಳಿ ಒಳಹೊಕ್ಕು ಬೆರಳನ್ನೇ ಕಳೆದುಕೊಳ್ಳುವ ಅಪಾಯವಿದೆ. ಟ್ಯಾಂಕಿನ ಡೀಸೆಲ್ ಪೂರ್ಣ ಬರಿದಾಗಿ ಕೊಳವೆಗೆ ಗಾಳಿ ಸೇರಿದ್ದರೆ, ಬ್ಲೀಡ್ ಸ್ಕ್ರೂ ಸಡಿಲಿಸಿ ಗುಳ್ಳೆ ನಿಲ್ಲುವವರೆಗೆ ಡೀಸೆಲ್ ಹರಿಬಿಟ್ಟ ನಂತರವೇ ಹ್ಯಾಂಡಲ್ ಹಿಡಿಯಬೇಕು.

ಹೊಗೆಯ ಬಣ್ಣವೂ ಒಂದು ಭಾಷೆಯೇ. ಕಪ್ಪು ಹೊಗೆ ಬಂದರೆ ಹೊರೆ ಹೆಚ್ಚಾಗಿದೆ ಅಥವಾ ಗಾಳಿಯ ಫಿಲ್ಟರ್ ಕಟ್ಟಿದೆ. ನೀಲಿ ಬಂದರೆ ಇಂಜಿನ್ ಎಣ್ಣೆ ಉರಿಯುತ್ತಿದೆ, ರಿಂಗ್ ಸವೆದಿದೆ. ಬಿಳಿ ಬಂದರೆ ಡೀಸೆಲ್ ಉರಿಯದೆ ಹೋಗುತ್ತಿದೆ ಅಥವಾ ನೀರು ಒಳಸೇರಿದೆ. ಎರೆ ಸೀಮೆಯಲ್ಲಿ ಎರಡು ತೊಂದರೆಗಳು ವಿಶೇಷ. ಒಂದು, ಬೇಸಿಗೆಯ ನುಣುಪಾದ ಕಪ್ಪು ಧೂಳು. ಎಣ್ಣೆ ತುಂಬಿದ ಗಾಳಿ ಫಿಲ್ಟರನ್ನು ಆಗಾಗ ತೊಳೆಯದಿದ್ದರೆ ಅದು ಸಿಲಿಂಡರನ್ನೇ ಉಜ್ಜಿಹಾಕುತ್ತದೆ. ಇನ್ನೊಂದು, ಸವಳು ನೀರು. ಪಂಪಿನ ನೀರನ್ನೇ ಸಣ್ಣ ಕೊಳವೆಯಲ್ಲಿ ಹಾಯಿಸಿ ತಂಪು ಮಾಡುವ ಇಂಜಿನ್ನಿನ ಒಳಗೋಡೆಗೆ ಉಪ್ಪಿನ ಪದರ ಕಟ್ಟಿ, ಬಿಸಿ ಹೊರಹೋಗದೆ ಗ್ಯಾಸ್ಕೆಟ್ ಸುಡುತ್ತದೆ. ಈ ಪದರವನ್ನು ಕಾಲಕಾಲಕ್ಕೆ ತೆಗೆದವರ ಇಂಜಿನ್ ತಲೆಮಾರು ದಾಟಿತು.

ನೆರೆ ಇಳಿದ ಮೇಲೆ

ಈ ವಿದ್ಯೆಯ ಬೆಲೆ ತಿಳಿಯುವುದು ಸಂಕಟದಲ್ಲಿ. 2009ರಲ್ಲಿ ಮತ್ತು 2019ರಲ್ಲಿ ಮಲಪ್ರಭೆ, ಬೆಣ್ಣೆಹಳ್ಳಗಳು ಉಕ್ಕಿ ರೋಣ, ನರಗುಂದ ತಾಲ್ಲೂಕುಗಳ ಹಲವು ಗ್ರಾಮಗಳು ಜಲಾವೃತವಾದವು. ಇಂತಹ ನೆರೆಯಲ್ಲಿ ಮುಳುಗಿದ ಇಂಜಿನ್ನನ್ನು ನೀರಿಳಿದ ಕೂಡಲೇ ಆತುರದಿಂದ ಚಾಲೂ ಮಾಡಲು ಹೋದರೆ ಕೇಡು ಕಟ್ಟಿಟ್ಟದ್ದು. ಗಾಳಿಯಂತೆ ನೀರು ಅದುಮಿಕೊಳ್ಳದು. ಸಿಲಿಂಡರಿನಲ್ಲಿ ನಿಂತ ನೀರಿಗೆ ಪಿಸ್ಟನ್ ಅಪ್ಪಳಿಸಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನಾಜಲ್ ಬಿಚ್ಚಿ, ಲಿವರ್ ಎತ್ತಿ, ಕೈಯಿಂದ ತಿರುಗಿಸಿ ನೀರನ್ನು ಹೊರಹಾಕಬೇಕು. ಎಣ್ಣೆ, ಡೀಸೆಲ್ ಎರಡನ್ನೂ ಚೆಲ್ಲಿ ಹೊಸದು ತುಂಬಬೇಕು. ಇಷ್ಟು ತಿಳಿದಿದ್ದ ಮನೆಗೆ ಒಂದು ದಿನದ ದುಡಿಮೆ. ತಿಳಿಯದ ಮನೆಗೆ ಇಂಜಿನ್ನೇ ನಷ್ಟ.

ಮುಚ್ಚಿದ ಮುಚ್ಚಳ, ತೆರೆದ ಪ್ರಶ್ನೆ

ಕಾಲ ಈಗ ಬದಲಾಗಿದೆ. ನವಿಲುತೀರ್ಥದ ಅಣೆಕಟ್ಟೆಯ ಕಾಲುವೆಗಳು, ವಿದ್ಯುತ್ ಪಂಪುಗಳು ಹಳೆಯ ಇಂಜಿನ್ನಿನ ಕೆಲಸವನ್ನು ಬಹುಪಾಲು ಕಸಿದುಕೊಂಡಿವೆ. ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ಹೊಸ ಟ್ರ್ಯಾಕ್ಟರು, ಕಾರುಗಳಲ್ಲಿ ಇಂಧನ ಎಷ್ಟು, ಯಾವಾಗ ಎಂಬುದನ್ನು ನಿರ್ಧರಿಸುವುದು ಎಲೆಕ್ಟ್ರಾನಿಕ್ ಪೆಟ್ಟಿಗೆ. ಹೊಗೆ ಕಡಿಮೆಯಾಗಿದೆ, ಇಂಧನ ಉಳಿಯುತ್ತಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ದೋಷ ಕಂಡುಬಂದಾಗ ಕಂಪನಿಯ ಕಂಪ್ಯೂಟರ್ ಜೋಡಿಸದೆ ಕಾರಣ ತಿಳಿಯದು. ಪಾನಾ ಹಿಡಿದ ಕೈ ಸುಮ್ಮನೆ ನಿಲ್ಲಬೇಕಾಗಿದೆ.

ಅಮೆರಿಕದ ರೈತರು ತಮ್ಮ ಟ್ರ್ಯಾಕ್ಟರನ್ನು ತಾವೇ ದುರಸ್ತಿ ಮಾಡಿಕೊಳ್ಳುವ ಹಕ್ಕಿಗಾಗಿ ದನಿಯೆತ್ತಿದ್ದು ಇದೇ ಕಾರಣಕ್ಕೆ. ಭಾರತದಲ್ಲಿಯೂ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿನ ಕುರಿತು ಸಮಿತಿ ರಚಿಸಿತು. ಸಮಿತಿ ಗುರುತಿಸಿದ ಕ್ಷೇತ್ರಗಳಲ್ಲಿ ಮೊಬೈಲ್, ಗೃಹೋಪಯೋಗಿ ವಸ್ತು, ವಾಹನಗಳೊಡನೆ ಕೃಷಿ ಉಪಕರಣಗಳೂ ಸೇರಿವೆ. ಕೈಪಿಡಿ, ಬಿಡಿಭಾಗ, ದೋಷ ಪತ್ತೆಯ ಸಾಧನ ಇವು ಕೊಂಡವನಿಗೆ ದೊರೆಯಬೇಕೇ ಎಂಬುದೇ ಅಲ್ಲಿನ ಚರ್ಚೆಯ ತಿರುಳು. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಕಬ್ಬಿಣದ ರಂಟೆಯ ಮುಂದೆ ನಿಂತು ಹಿಂಜರಿದ ರೈತನ ಮನಸ್ಸಿನಲ್ಲಿದ್ದುದೂ ಬಹುಮಟ್ಟಿಗೆ ಇದೇ ಪ್ರಶ್ನೆ.

ಲಕ್ಷ್ಮಣರಾವ್ ಕಿರ್ಲೋಸ್ಕರ್ 1956ರ ಸೆಪ್ಟೆಂಬರ್ 26ರಂದು, ತಮ್ಮ 87ನೇ ವಯಸ್ಸಿನಲ್ಲಿ ನಿಧನರಾದರು. ಅದಾದ ಐದೇ ವಾರಗಳಲ್ಲಿ, ನವೆಂಬರ್ 1ರಂದು, ರಾಜ್ಯಗಳ ಪುನರ್‌ವಿಂಗಡಣೆಯಾಗಿ ಅವರ ಹುಟ್ಟೂರಿನ ಸೀಮೆ ವಿಶಾಲ ಮೈಸೂರು ರಾಜ್ಯವನ್ನು ಸೇರಿತು. ಅವರು ಕಟ್ಟಿದ ಊರು ಗಡಿಯ ಆಚೆ ಉಳಿಯಿತು. 1969ರಲ್ಲಿ, ಜನ್ಮಶತಾಬ್ದಿಯಂದು, ಭಾರತೀಯ ಅಂಚೆ ಇಲಾಖೆ ಅವರ ನೆನಪಿಗೆ ಅಂಚೆಚೀಟಿ ಹೊರತಂದಿತು. ಬಣ್ಣಗಳ ಭೇದ ತಿಳಿಯದ ಕಣ್ಣು, ತಪ್ಪಿದ ಬಡ್ತಿ, ಮಾರಾಟವಾಗದ ರಂಟೆ, ಕಳೆದುಕೊಂಡ ನೆಲ, ಸುಟ್ಟ ಕಾರ್ಖಾನೆ ಇವೆಲ್ಲವನ್ನೂ ಒಂದು ಬದುಕಿನಲ್ಲಿ ಕಂಡು ದಾಟಿದವರು ಅವರು.

ಎರೆ ನಾಡಿನ ಕೆಲವು ಮನೆಗಳ ಕೊಟ್ಟಿಗೆಯ ಮೂಲೆಯಲ್ಲಿ ಈಗಲೂ ಒಂದು ಹಳೆಯ ಇಂಜಿನ್, ಮೇಲೊಂದು ಗೋಣಿಚೀಲ ಹೊದ್ದು ಕುಳಿತಿರುವುದುಂಟು. ವಿದ್ಯುತ್ ಕೈಕೊಟ್ಟು ಬೆಳೆ ಬಾಡುವ ದಿನ ಅದು ಹೊರಗೆ ಬರುತ್ತದೆ. ಮನೆಯ ಹಿರಿಯರು ಡೀಸೆಲ್ ತುಂಬಿ, ಗಾಳಿ ತೆಗೆದು, ಲಿವರ್ ಎತ್ತಿ ಹ್ಯಾಂಡಲ್ ತಿರುಗಿಸುತ್ತಾರೆ. ಪಕ್ಕದಲ್ಲಿ ನಿಂತ ಹುಡುಗರು ಅದನ್ನು ನೋಡಿ ಕಲಿತರೆ ಮಾತ್ರ ಆ ಇಂಜಿನ್ನಿಗೆ ಇನ್ನೊಂದು ತಲೆಮಾರಿನ ಆಯುಷ್ಯ.